ಆಲಿವ್ ಎಣ್ಣೆ ಬಳಸಿದರೂ ಎಲ್‌ಡಿಎಲ್ ಏಕೆ ಇಳಿಯಲಿಲ್ಲ?

ಪ್ರಶ್ನೆ: ಮೂರು ತಿಂಗಳಿಂದ ಸೂರ್ಯಕಾಂತಿ ಎಣ್ಣೆ ಬಿಟ್ಟು ಆಲಿವ್ ಎಣ್ಣೆ ಬಳಸುತ್ತಿದ್ದೇವೆ. ಅದರಲ್ಲಿರುವ ಪಾಲಿಫಿನಾಲ್ ಎಂಬ ಸಸ್ಯ ಸಂಯುಕ್ತಗಳು ಕೊಲೆಸ್ಟರಾಲ್ ಇಳಿಸುತ್ತವೆ ಎಂದು ಕೇಳಿದ್ದೆವು. ಆದರೆ ರಕ್ತಪರೀಕ್ಷೆಯಲ್ಲಿ ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟರಾಲ್) ಇದ್ದಲ್ಲೇ ಇದೆ. ದುಡ್ಡು ದಂಡವಾಯಿತೇ?

ಉತ್ತರ: ದಂಡವೋ ಅಲ್ಲವೋ ಎಂಬುದನ್ನು ನಿಮ್ಮ ಬಾಟಲಿಯ ಲೇಬಲ್ ನೋಡಿ ಹೇಳಬೇಕು. ಎಲ್‌ಡಿಎಲ್ ಇಳಿಯದಿರುವುದಂತೂ ಅಚ್ಚರಿಯಲ್ಲ.

ಆಲಿವ್ ಎಣ್ಣೆಯಲ್ಲಿ ಸುಮಾರು ಶೇ 98 ಭಾಗ ಬರೀ ಕೊಬ್ಬು. ಬೆಣ್ಣೆ, ತುಪ್ಪ ಅಥವಾ ತಾಳೆ ಎಣ್ಣೆಯ ಜಾಗಕ್ಕೆ ಅದು ಬಂದರೆ ಎಲ್‌ಡಿಎಲ್ ಇಳಿಯುತ್ತದೆ. ಸೂರ್ಯಕಾಂತಿ ಎಣ್ಣೆಯಲ್ಲಿ ಎಲ್‌ಡಿಎಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು ಮೊದಲೇ ಕಡಿಮೆ. ಹಾಗಾಗಿ ನಿಮ್ಮ ಮನೆಯ ಬದಲಾವಣೆಯಿಂದ ಅಂತಹ ವ್ಯತ್ಯಾಸ ನಿರೀಕ್ಷಿಸುವಂತಿರಲಿಲ್ಲ.

ಉಳಿದ ಆ ಸಣ್ಣ ಪಾಲಿನಲ್ಲೇ ನೀವು ಕೇಳಿದ ಪಾಲಿಫಿನಾಲ್‌ಗಳಿವೆ. ಜೊತೆಗಿರುವ ಸಸ್ಯ ಸ್ಟೆರಾಲ್‌ಗಳು ಕರುಳು ಕೊಲೆಸ್ಟರಾಲನ್ನು ಹೀರದಂತೆ ತಡೆಯುತ್ತವೆ, ನಿಜ. ಆದರೆ ಪರಿಣಾಮ ಕಾಣಲು ದಿನಕ್ಕೆ ಸುಮಾರು 2 ಗ್ರಾಂ ಬೇಕು. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ 100 ಮಿಲಿಗ್ರಾಂ ಕೂಡ ಸಿಗುವುದಿಲ್ಲ.

ಪಾಲಿಫಿನಾಲ್‌ಗಳ ಕೆಲಸವೇ ಬೇರೆ. ಡಬ್ಬಿಯಲ್ಲಿ ಬಹಳ ದಿನ ಉಳಿದ ಕಡಲೆಕಾಯಿ ಬೀಜ ಕಮಟು ಹಿಡಿಯುತ್ತದಲ್ಲ, ಅಂಥದ್ದೇ ಉತ್ಕರ್ಷಣ ಎಲ್‌ಡಿಎಲ್ ಕಣಗಳಿಗೂ ಆಗುತ್ತದೆ. ಹಾಗೆ ಕೆಟ್ಟ ಕಣಗಳನ್ನು ರಕ್ತನಾಳದ ಗೋಡೆಯಲ್ಲಿರುವ ರಕ್ಷಕ ಕೋಶಗಳು ನುಂಗಿ ಊದಿಕೊಳ್ಳುತ್ತವೆ. ಕೊಬ್ಬಿನ ಪದರ ಬೆಳೆಯುವುದು ಅಲ್ಲಿಂದಲೇ. ಪಾಲಿಫಿನಾಲ್‌ಗಳು ಈ ಕೆಡುವಿಕೆಗೆ ಅಡ್ಡ ನಿಲ್ಲುತ್ತವೆ.

2006ರಲ್ಲಿ ಪ್ರಕಟವಾದ ಯುರೋಲಿವ್ ಅಧ್ಯಯನದಲ್ಲಿ ಯುರೋಪಿನ ಐದು ದೇಶಗಳ 200 ಆರೋಗ್ಯವಂತ ಗಂಡಸರು ಮೂರು ಬಗೆಯ ಆಲಿವ್ ಎಣ್ಣೆಯನ್ನು ಮೂರು ಮೂರು ವಾರ, ದಿನಕ್ಕೆ 25 ಮಿಲಿಲೀಟರಿನಂತೆ ಸೇವಿಸಿದರು. ಎಣ್ಣೆಯಲ್ಲಿ ಪಾಲಿಫಿನಾಲ್ ಹೆಚ್ಚಿದಷ್ಟೂ ಉತ್ಕರ್ಷಣದಿಂದ ಕೆಟ್ಟ ಎಲ್‌ಡಿಎಲ್ ಕಡಿಮೆಯಾಯಿತು. ‘ಒಳ್ಳೆಯ’ ಕೊಲೆಸ್ಟರಾಲ್ ಆದ ಎಚ್‌ಡಿಎಲ್ ಕೂಡ ಏರಿತು, ಆದರೆ ಡೆಸಿಲೀಟರ್ ರಕ್ತಕ್ಕೆ 2 ಮಿಲಿಗ್ರಾಮಿಗಿಂತ ಕಡಿಮೆ. ನಮ್ಮ ಲ್ಯಾಬ್‌ಗಳ ಮಾಮೂಲಿ ಲಿಪಿಡ್ ಪ್ರೊಫೈಲ್ ಉತ್ಕರ್ಷಣಗೊಂಡ ಎಲ್‌ಡಿಎಲ್ ಅನ್ನು ಅಳೆಯುವುದೇ ಇಲ್ಲ. ಲಾಭವಾಗಿದ್ದರೂ ನಿಮ್ಮ ರಿಪೋರ್ಟಿನಲ್ಲಿ ಕಾಣುತ್ತಿರಲಿಲ್ಲ. ಯುರೋಪಿಯನ್ ಒಕ್ಕೂಟದ 2012ರ ನಿಯಮವೂ ಅಷ್ಟಕ್ಕೇ ಒಪ್ಪಿದೆ: 20 ಗ್ರಾಂ ಎಣ್ಣೆಯಲ್ಲಿ ಕನಿಷ್ಠ 5 ಮಿಲಿಗ್ರಾಂ ಹೈಡ್ರಾಕ್ಸಿಟೈರೊಸಾಲ್ ಎಂಬ ಪಾಲಿಫಿನಾಲ್ ಮತ್ತು ಅದರ ಸಂಬಂಧಿ ಸಂಯುಕ್ತಗಳಿದ್ದರೆ, ರಕ್ತದ ಕೊಬ್ಬನ್ನು ಉತ್ಕರ್ಷಣದಿಂದ ಕಾಪಾಡಲು ನೆರವಾಗುತ್ತದೆ ಎಂದು ಲೇಬಲ್ಲಿನಲ್ಲಿ ಬರೆಯಬಹುದು.

ಈಗ ಬಾಟಲಿಗೆ ಬನ್ನಿ. ಅದರ ಮೇಲೆ ‘ಪೋಮೆಸ್’ ಎಂದಿದೆಯೇ? ಅದು ಆಲಿವ್ ಹಿಂಡಿದ ಮೇಲೆ ಉಳಿದ ಹಿಂಡಿಯಿಂದ ದ್ರಾವಕ ಬಳಸಿ ತೆಗೆದು ಶುದ್ಧೀಕರಿಸಿದ ಎಣ್ಣೆ. ‘ಎಕ್ಸ್‌ಟ್ರಾ ಲೈಟ್’ ಕೂಡ ಶುದ್ಧೀಕರಿಸಿದ್ದೇ. ಹಗುರವಾಗಿರುವುದು ರುಚಿ ಮತ್ತು ಬಣ್ಣ, ಕ್ಯಾಲೊರಿಯಲ್ಲ. ಶುದ್ಧೀಕರಣದಲ್ಲಿ ಪಾಲಿಫಿನಾಲ್‌ಗಳು ಬಹುಪಾಲು ಹೋಗಿಬಿಡುತ್ತವೆ. ಇವು ಬೇಕಿದ್ದರೆ ಎಕ್ಸ್‌ಟ್ರಾ ವರ್ಜಿನ್ ಕೊಳ್ಳಬೇಕು. ಒಂದು ಚಮಚ ಬಾಯಿಗೆ ಹಾಕಿ ನೋಡಿ: ನಾಲಿಗೆಗೆ ತುಸು ಕಹಿ ತಾಗಿ, ನುಂಗಿದ ಮೇಲೆ ಗಂಟಲು ಚುರುಗುಟ್ಟಿ ಕೆಮ್ಮು ಬಂದರೆ ಗಾಬರಿಯಾಗಬೇಡಿ. ಅದು ಓಲಿಯೊಕ್ಯಾಂಥಾಲ್ ಎಂಬ ಫಿನಾಲ್‌ನ ಗುರುತು.

ವೈದ್ಯರು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದಿದ್ದರೆ ಎಣ್ಣೆಯನ್ನು ನಂಬಿ ಅದನ್ನು ಖಂಡಿತ ನಿಲ್ಲಿಸಬೇಡಿ. ಕರಿಯುವುದಕ್ಕೆ ಈ ದುಬಾರಿ ಎಣ್ಣೆಯನ್ನು ಸುರಿಯಲೂಬೇಡಿ, ಹೆಚ್ಚು ಹೊತ್ತು ಕಾಯ್ದರೆ ಫಿನಾಲ್‌ಗಳು ನಾಶವಾಗುತ್ತವೆ. ಒಲೆಯ ಪಕ್ಕದ ಬಾಟಲಿಯನ್ನು ಕತ್ತಲಿರುವ ಕಪಾಟಿಗೆ ಸೇರಿಸಿ, ಒಂದೆರಡು ಚಮಚವನ್ನು ಕೋಸಂಬರಿಗೆ ಹಾಕಿ, ಇಲ್ಲವೇ ಚಟ್ನಿಪುಡಿಗೆ ಕಲಸಿಕೊಳ್ಳಿ.