ಮಗಳ ಒಂದು ಭುಜ ಮೇಲಿದೆ, ಸ್ಕೂಲ್ ಬ್ಯಾಗಿನಿಂದ ಬೆನ್ನುಮೂಳೆ ಡೊಂಕಾಯಿತೇ?

ಪ್ರಶ್ನೆ: ಮಗಳಿಗೆ ಹನ್ನೆರಡು ವರ್ಷ. ಯೂನಿಫಾರ್ಮಿಗೆ ಅಳತೆ ತೆಗೆಯುವಾಗ ಬಲ ಭುಜ ಸ್ವಲ್ಪ ಮೇಲಿದೆ ಎಂದು ಟೈಲರ್ ಹೇಳಿದರು. ನೋವೇನೂ ಇಲ್ಲ. ಬ್ಯಾಗನ್ನು ಯಾವಾಗಲೂ ಒಂದೇ ಹೆಗಲಿಗೆ ಹಾಕಿಕೊಳ್ಳುತ್ತಾಳೆ. ಅದರಿಂದಲೇ ಹೀಗಾಯಿತೇ? ಎಣ್ಣೆ ಹಚ್ಚಿ ತಿಕ್ಕಿಸಿದರೆ ಸರಿಹೋದೀತೇ?
– ಓದುಗರು, ಉಡುಪಿ

ಉತ್ತರ: ಬ್ಯಾಗಿನಿಂದ ಅಲ್ಲ. ಭಾರ ಹೆಚ್ಚಾದರೆ ಬೆನ್ನು, ಹೆಗಲು ನೋಯುತ್ತವೆ ನಿಜ. ಬ್ಯಾಗು ಮಗುವಿನ ತೂಕದ ಶೇ. 10ನ್ನು ಮೀರಬಾರದು ಎಂದು ಕೇಂದ್ರ ಸರ್ಕಾರದ 2020ರ ಸ್ಕೂಲ್ ಬ್ಯಾಗ್ ನೀತಿ ಹೇಳಿದ್ದೂ ಸರಿಯೇ. ಆದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗಿ, ಜೊತೆಗೆ ತಿರುಚಿಕೊಳ್ಳುವ ಸ್ಕೋಲಿಯೋಸಿಸ್‌ಗೆ ಅದು ಕಾರಣವಲ್ಲ. ಹದಿಹರೆಯದಲ್ಲಿ ನೂರಕ್ಕೆ ಎರಡು ಮೂರು ಮಕ್ಕಳಿಗೆ ಇದು ಇರುತ್ತದೆ. ಹೆಚ್ಚಿನವರಲ್ಲಿ ಇಂಥದ್ದೇ ಎಂದು ಕಾರಣ ಸಿಗುವುದಿಲ್ಲ, ವಂಶದ ಪಾತ್ರ ಇದೆ. ದೊಡ್ಡ ಡೊಂಕು ಹುಡುಗಿಯರಲ್ಲೇ ಹೆಚ್ಚು.

ಭಾರವೇ ಹೊರದ ಮೀನುಗಳಲ್ಲೂ ಡೊಂಕು ಬೆನ್ನು ಉಂಟು. ಗಪ್ಪಿಗಳಲ್ಲಿ ಅದು ವಂಶದಿಂದ ಇಳಿದು ಬರಬಹುದು. ಸಾಕಣೆ ಮೀನಿನ ಆಹಾರದಲ್ಲಿ ವಿಟಮಿನ್ ಸಿ ಕಡಿಮೆಯಾದರೆ ಮೂಳೆಗೆ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನ್ ಸರಿಯಾಗಿ ಕಟ್ಟದೆ ಬೆನ್ನುಮೂಳೆ ಬಾಗುತ್ತದೆ. ಪಗ್, ಫ್ರೆಂಚ್ ಬುಲ್‌ಡಾಗ್ ನಾಯಿಗಳಲ್ಲಿ ಕೆಲವಕ್ಕೆ ಬೆನ್ನಿನ ಮಣಿಗಳು ಹುಟ್ಟುವಾಗಲೇ ಅರ್ಧ ಮಾತ್ರ ಬೆಳೆದಿರುತ್ತವೆ. ಕೆಲವು ಮಕ್ಕಳಲ್ಲೂ ಹಾಗೆಯೇ. ಅಂಥವರ ಕಿಡ್ನಿ, ಹೃದಯವನ್ನೂ ಪರೀಕ್ಷಿಸಬೇಕು.

ಈಗ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕೂದಲು ಮೇಲೆ ಕಟ್ಟಿ, ಬೆನ್ನು ಕಾಣುವಂತೆ ಬರಿಗಾಲಲ್ಲಿ ನಿಲ್ಲಿಸಿ. ಪಾದ ಜೋಡಿಸಿ, ಮೊಣಕಾಲು ಮಡಚದೆ, ಎರಡೂ ಅಂಗೈ ಸೇರಿಸಿ ಕೈ ಇಳಿಬಿಟ್ಟು, ಬೆನ್ನು ನೆಲಕ್ಕೆ ಸಮಾಂತರವಾಗುವ ತನಕ ಮೆಲ್ಲಗೆ ಬಗ್ಗಲಿ. ನೀವು ಹಿಂದೆ ಕುಳಿತು, ಬೆನ್ನಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿ. ಒಂದು ಪಕ್ಕದ ಪಕ್ಕೆಲುಬು ಉಬ್ಬಿ ಬಂದರೆ ಬೆನ್ನುಮೂಳೆ ತಿರುಚಿದೆ ಎಂದರ್ಥ. ಭುಜದ ಏರುಪೇರಿಗಿಂತ ಈ ಉಬ್ಬೇ ನಂಬತಕ್ಕ ಗುರುತು. ಸೊಂಟದ ಹತ್ತಿರ ಮಾತ್ರ ಉಬ್ಬಿದ್ದರೆ ಸ್ಟೂಲಿನ ಮೇಲೆ ಕೂರಿಸಿ ಬಗ್ಗಿಸಿ. ಆಗ ಉಬ್ಬು ಮಾಯವಾದರೆ ಒಂದು ಕಾಲು ಗಿಡ್ಡ ಇರಬಹುದು.

ಉಬ್ಬು ಕಂಡರೆ ಎಲುಬು ಡಾಕ್ಟರ ಬಳಿ ಹೋಗಿ. ಎಕ್ಸ್‌ರೇಯನ್ನು ನಿಂತೇ ತೆಗೆಸಬೇಕು, ಪೂರ್ತಿ ಬೆನ್ನಿನದ್ದು. ಮಲಗಿಸಿ ತೆಗೆದರೆ ಡೊಂಕು ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಅದರಲ್ಲಿ ಅಳೆಯುವುದು ಕಾಬ್ ಕೋನ, ಅಂದರೆ ಬೆನ್ನುಮೂಳೆ ಎಷ್ಟು ಡಿಗ್ರಿ ಬಾಗಿದೆ ಎಂಬ ಅಳತೆ. 10 ಡಿಗ್ರಿಗಿಂತ ಕಡಿಮೆಯಿದ್ದರೆ ಸ್ಕೋಲಿಯೋಸಿಸ್ ಎನ್ನುವುದಿಲ್ಲ. 25 ಡಿಗ್ರಿಯ ತನಕ ಇದ್ದರೆ, ಎತ್ತರ ಬೆಳೆಯುತ್ತಿರುವಷ್ಟು ಕಾಲ ನಾಲ್ಕರಿಂದ ಆರು ತಿಂಗಳಿಗೊಮ್ಮೆ ನೋಡುತ್ತಿದ್ದರೆ ಸಾಕು. ಅಳತೆಯಲ್ಲೇ ಸುಮಾರು 5 ಡಿಗ್ರಿ ಹೆಚ್ಚುಕಡಿಮೆ ಬರುತ್ತದೆ. 14 ಇದ್ದದ್ದು 17 ಆಯಿತೆಂದು ಗಾಬರಿಯಾಗಬೇಡಿ. ಮುಟ್ಟು ಶುರುವಾದದ್ದು ಯಾವಾಗ ಎಂದು ಡಾಕ್ಟರು ಕೇಳುತ್ತಾರೆ. ಅತಿ ವೇಗದ ಬೆಳವಣಿಗೆ ಸಾಮಾನ್ಯವಾಗಿ ಅದಕ್ಕೂ ಮುಂಚಿನದು, ಡೊಂಕು ಹೆಚ್ಚುವುದೂ ಆಗಲೇ. ರಾತ್ರಿ ಎಬ್ಬಿಸುವ ನೋವು, ಕಾಲಿನ ಬಲಹೀನತೆ, ಮೂತ್ರದ ಹಿಡಿತ ತಪ್ಪುವುದು, ಇವುಗಳಲ್ಲಿ ಒಂದಿದ್ದರೂ ಎಂಆರ್‌ಐ ಬೇಕು, ಕಾಯಬಾರದು.

ಎಣ್ಣೆ ತಿಕ್ಕಿಸಿದರೆ ಹಿತ ಅನಿಸಬಹುದು, ಮೂಳೆ ನೇರವಾಗದು. ವ್ಯಾಯಾಮ ಒಳ್ಳೆಯದೇ; ಆದರೆ ಬೆಳೆಯುವ ಮಗುವಿಗೆ 25ರಿಂದ 40 ಡಿಗ್ರಿ ಇದ್ದರೆ ಬ್ರೇಸ್ (ಮೈ ಸುತ್ತ ಬಿಗಿಯಾಗಿ ತೊಡಿಸುವ ಗಟ್ಟಿ ಕವಚ) ತಪ್ಪಿಸಲು ಅದನ್ನು ನೆಪ ಮಾಡಬೇಡಿ. 2013ರಲ್ಲಿ ಪ್ರಕಟವಾದ ಅಮೆರಿಕ-ಕೆನಡಾದ ಅಧ್ಯಯನದಲ್ಲಿ ಬ್ರೇಸ್ ಹಾಕಿದ ನೂರಕ್ಕೆ 72 ಮಕ್ಕಳ ಡೊಂಕು 50 ಡಿಗ್ರಿಗೆ ಮುಟ್ಟಲಿಲ್ಲ, ಹಾಕದವರಲ್ಲಿ 48. ದಿನಕ್ಕೆ ಸುಮಾರು 13 ಗಂಟೆಗಿಂತ ಹೆಚ್ಚು ಹಾಕಿದವರಲ್ಲಿ ಫಲ ನೂರಕ್ಕೆ 90ನ್ನೂ ದಾಟಿತು. ಇದ್ದ ಡೊಂಕನ್ನು ಬ್ರೇಸ್ ಅಳಿಸುವುದಿಲ್ಲ, ಹೆಚ್ಚದಂತೆ ತಡೆಯುತ್ತದೆ. 45-50 ಡಿಗ್ರಿ ದಾಟಿದರೆ ಆಪರೇಷನ್ ಮಾತು ಬರುತ್ತದೆ, ಏಕೆಂದರೆ ಅಂಥ ಡೊಂಕು ಬೆಳವಣಿಗೆ ನಿಂತ ಮೇಲೂ ಹೆಚ್ಚಬಹುದು.

ನಮ್ಮ ಕರಾವಳಿಯ ಸೆಖೆಯಲ್ಲಿ ಬ್ರೇಸ್ ಕಷ್ಟ, ಮಕ್ಕಳು ಬಿಚ್ಚಿಡುವುದೂ ಅದಕ್ಕೇ. ಒಳಗೆ ಹೊಲಿಗೆ ಚುಚ್ಚದ, ಮೈಗೆ ಅಂಟುವ ಕಾಟನ್ ಬನಿಯನ್ ಹಾಕಿಸಿ. ಬೆವರಿದ ಕೂಡಲೇ ಬದಲಿಸಿ. ಮಳೆಗಾಲದಲ್ಲಿ ಒಣಗುವುದಿಲ್ಲ, ಆರೇಳಾದರೂ ಇರಲಿ. ಒಳಗೆ ಪೌಡರ್, ಕ್ರೀಮ್ ಬೇಡ. ಚರ್ಮ ಮೆತ್ತಗಾಗಿ ಸುಲಿಯುತ್ತದೆ. ಬಿಚ್ಚಿದ ಅರ್ಧ ಗಂಟೆಯಲ್ಲಿ ಕೆಂಪು ಗುರುತು ಮಾಸದಿದ್ದರೆ, ಬ್ರೇಸ್ ಮಾಡಿಕೊಟ್ಟವರ ಬಳಿ ಹೋಗಿ ಆ ಜಾಗ ಸಡಿಲ ಮಾಡಿಸಿ.