ಪದ ಪರಿಚಯ: ಹೋಸ್ ರೀಲ್, ಅದರ ನಡುವಿನ ಸ್ವಿವೆಲ್

ನೀರನ್ನು ಭಾರಿ ಒತ್ತಡದಲ್ಲಿ ಚಿಮ್ಮಿಸಿ ತೊಳೆಯುವ ಯಂತ್ರ ಪ್ರೆಶರ್ ವಾಷರ್. ಅದರ ಉದ್ದನೆಯ ಪೈಪನ್ನು ಸುತ್ತಿಡುವ, ಸುತ್ತಿದ್ದಾಗಲೂ ಅದರೊಳಗೆ ನೀರು ಹರಿಯಲು ಬಿಡುವ ಉರುಳೆಯೇ ಹೋಸ್ ರೀಲ್. ಕೈತೋಟದ ಪೈಪಿಗೆ ಬರುವ ಪ್ಲಾಸ್ಟಿಕ್ ಉರುಳೆಗೂ ಇದೇ ಹೆಸರಿದೆ, ಆದರೆ ಅದರ ಕೆಲಸ ಬಹಳ ಹಗುರ. ಮನೆಯ ನಲ್ಲಿಯ ಒತ್ತಡ ಕೆಲವೇ ಬಾರ್. ಲಾರಿ, ಟ್ರ್ಯಾಕ್ಟರ್ ತೊಳೆಯುವ ಯಂತ್ರದ್ದು 150, 200 ಬಾರ್. ಬಾರ್, ಪಿಎಸ್‌ಐ ಎರಡೂ ಒತ್ತಡದ ಅಳತೆಗಳೇ. ಒಂದು ಬಾರ್ ಎಂದರೆ ಸುಮಾರು 14.5 ಪಿಎಸ್‌ಐ, ಹಾಗಾಗಿ 200 ಬಾರ್ ಎಂದರೆ 2,900 ಪಿಎಸ್‌ಐ.

ಕಲಬುರಗಿಯಲ್ಲಿ ವಾಷಿಂಗ್ ಸೆಂಟರ್ ಇಡುವವರು, ಪಿಕಪ್ ಗಾಡಿಯ ಮೇಲೆ ಯಂತ್ರ ಕಟ್ಟಿಕೊಂಡು ದಾಲ್ ಮಿಲ್ಲು, ಫಾರ್ಮು ಎಂದು ತಿರುಗುವವರು ರೀಲ್ ಕೊಳ್ಳುವಾಗ ಮೊದಲು ಡ್ರಮ್ ತಟ್ಟಿ ನೋಡುತ್ತಾರೆ. ‘ತಗಡು ದಪ್ಪ ಅದರೀ, ಏನೂ ಆಗಂಗಿಲ್ಲ’ ಎಂದು ಮಾರುವವರೂ ಹೇಳುತ್ತಾರೆ. ತಗಡು ದಪ್ಪವಿರುವುದು ಒಳ್ಳೆಯದೇ. ಆದರೆ ರೀಲಿನ ಆಯುಷ್ಯ ನಿಂತಿರುವುದು ಡ್ರಮ್ಮಿನ ನಡುವೆ ಕೂತಿರುವ, ಅಂಗೈಯಲ್ಲಿ ಹಿಡಿಯುವಷ್ಟಿರುವ ಸ್ವಿವೆಲ್ ಮೇಲೆ.

ಪಂಪಿನಿಂದ ರೀಲಿಗೆ ಬರುವ ತುಂಡು ಪೈಪ್ ತಿರುಗುವುದಿಲ್ಲ, ಡ್ರಮ್ ತಿರುಗುತ್ತದೆ. ತಿರುಗದ ಪೈಪನ್ನೂ ತಿರುಗುವ ಡ್ರಮ್ಮನ್ನೂ ಹನಿ ಸೋರದಂತೆ ಜೋಡಿಸುವ ಕೀಲು ಈ ಸ್ವಿವೆಲ್. ಒಳಗಿರುವುದು ನುಣ್ಣಗೆ ಕಡೆದ ಲೋಹದ ದಂಡ ಮತ್ತು ಅದರ ಸುತ್ತ ಬಿಗಿಯಾಗಿ ಕೂತ ರಬ್ಬರಿನ ಓ-ರಿಂಗ್. ಇಡೀ ಒತ್ತಡವನ್ನು ತಡೆಯುವುದು ಆ ಓ-ರಿಂಗ್. ದಂಡದ ಮೇಲೆ ಕೂದಲೆಳೆಯಷ್ಟು ಗೀರು ಬಿದ್ದರೂ ಸೋರಿಕೆ ಶುರುವಾಗುತ್ತದೆ, ಪೈಪಿನ ತುದಿಯ, ನೀರು ಚಿಮ್ಮಿಸುವ ಗನ್ನಿನಲ್ಲಿ ಜೋರು ಇಳಿಯುತ್ತದೆ. ಎಷ್ಟೋ ಸಲ ಜನ ಪಂಪನ್ನೇ ಬಿಚ್ಚಿಸುತ್ತಾರೆ. ಅದಕ್ಕೂ ಮೊದಲು ರೀಲಿನ ನಡುಭಾಗ ಒದ್ದೆಯಾಗಿದೆಯೇ ಎಂದು ನೋಡಬೇಕು. ಆದರೆ ಬೆರಳಿಟ್ಟು ನೋಡಲೇಬಾರದು. ಈ ಒತ್ತಡದಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಬರುವ ನೀರು ಚರ್ಮ ಸೀಳಿ ಒಳನುಗ್ಗುತ್ತದೆ. ಮೇಲೆ ಚುಕ್ಕಿಯಷ್ಟೇ ಗಾಯ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಪೆಟ್ಟು ಅದು. ಯಂತ್ರ ಆರಿಸಿ, ಗನ್ ಒತ್ತಿ ಒತ್ತಡ ಇಳಿಸಿದ ಮೇಲೆಯೇ ಕೈ ಹಾಕಿ.

ನಮ್ಮ ಭಾಗದಲ್ಲಿ ಸ್ವಿವೆಲ್ಲಿಗೆ ಕಾಟ ಹೆಚ್ಚು. ಶಹಾಬಾದ್, ವಾಡಿ, ಸೇಡಂ ಕಡೆ ನೆಲದಡಿ ಇರುವುದೇ ಸುಣ್ಣದ ಕಲ್ಲು. ಬೋರಿನ ನೀರು ಗಡುಸಾಗಿದ್ದರೆ ಅದು ಆರಿದಲ್ಲೆಲ್ಲ ಬಿಳಿ ಪದರ ಕಟ್ಟುತ್ತದೆ. ಓ-ರಿಂಗ್ ಅಂಚಿನಲ್ಲಿ ಕಟ್ಟಿದ ಆ ಪದರ ಡ್ರಮ್ ತಿರುಗಿದಾಗಲೆಲ್ಲ ರಬ್ಬರನ್ನು ಉಜ್ಜುತ್ತದೆ. ಹಿತ್ತಾಳೆಯ ಸ್ವಿವೆಲ್ಲಿಗೆ ತುಕ್ಕು ಹಿಡಿಯದು, ಆದರೆ ಅದು ಮೆದು, ಬೇಗ ಸವೆಯುತ್ತದೆ. ದಿನವಿಡೀ ಓಡುವ ಕೆಲಸಕ್ಕೆ ಸ್ಟೇನ್‌ಲೆಸ್ ಸ್ಟೀಲಿನದಕ್ಕೆ ಹೆಚ್ಚು ದುಡ್ಡು ಕೊಡುವುದು ಸರಿ ಎಂದು ನನ್ನ ಗಟ್ಟಿ ಅಭಿಪ್ರಾಯ. ರೀಲ್ ತಡೆಯುವ ಒತ್ತಡ ಯಂತ್ರದ ಗರಿಷ್ಠ ಒತ್ತಡಕ್ಕಿಂತ ಸಾಕಷ್ಟು ಮೇಲಿರಬೇಕು. 200 ಬಾರ್ ಯಂತ್ರಕ್ಕೆ 4,000 ಪಿಎಸ್‌ಐ, ಅಂದರೆ ಸುಮಾರು 275 ಬಾರ್ ತಡೆಯುವ ರೀಲ್ ನೆಮ್ಮದಿ ಕೊಡುತ್ತದೆ. ಬಿಸಿನೀರಿನ ಯಂತ್ರವಾದರೆ ಸೀಲ್, ಅಂದರೆ ಆ ಓ-ರಿಂಗ್, ಎಷ್ಟು ಶಾಖ ತಡೆಯುತ್ತದೆ ಎಂಬುದನ್ನೂ ಕೇಳಿಕೊಳ್ಳಿ.

ಇನ್ನು ಡ್ರಮ್ಮಿನ ಲೋಹ. ಅಲ್ಯೂಮಿನಿಯಂ ಹಗುರ, ಕೆಂಪು ತುಕ್ಕಿನ ಚಿಂತೆಯಿಲ್ಲ, ಗಾಡಿಯ ಮೇಲಿಡಲು ಸಲೀಸು. ಕಾರು, ಬೈಕು ತೊಳೆಯುವವರಿಗೆ ಅದು ಚೆನ್ನ. ಆದರೆ ಸಿಮೆಂಟ್ ಲಾರಿ, ಬಲ್ಕರ್ (ಬಿಡಿ ಸಿಮೆಂಟ್ ಸಾಗಿಸುವ ಟ್ಯಾಂಕರ್) ತೊಳೆಯುವವರು ಯೋಚಿಸಬೇಕು. ಒದ್ದೆ ಸಿಮೆಂಟ್ ಕ್ಷಾರಗುಣದ್ದು, ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ನೆಲದ ಮೇಲೆ ಎಳೆದಾಡಿದ ಪೈಪ್ ಸಿಮೆಂಟಿನ ರಾಡಿಯನ್ನು ರೀಲಿಗೆ ಹೊತ್ತು ತರುತ್ತದೆ, ಅದು ಬೇರಿಂಗಿನ ಸಂದಿಗೆ ಇಳಿದು ಅಲ್ಲೇ ಗಟ್ಟಿಯಾಗುತ್ತದೆ. ಅಂಥ ಕಡೆ ಪೌಡರ್ ಕೋಟಿಂಗ್ ಮಾಡಿದ ದಪ್ಪ ಉಕ್ಕಿನ ರೀಲ್ ಮೇಲು. ಕೋಟಿಂಗ್ ಕೆತ್ತಿ ಹೋದಲ್ಲಿ ತಡಮಾಡದೆ ಬಣ್ಣ ಹಚ್ಚಬೇಕು. ಗಟ್ಟಿಯಾದ ಸಿಮೆಂಟ್ ಬಿಡಿಸಲು ಹೈಡ್ರೋಕ್ಲೋರಿಕ್ ಆ್ಯಸಿಡ್ ಬಳಸುವವರಿದ್ದಾರೆ. ಅದು 304 ದರ್ಜೆಯ ಸ್ಟೇನ್‌ಲೆಸ್ಸಿನಲ್ಲೂ ಗುಳಿ ಬೀಳಿಸುತ್ತದೆ, ರೀಲಿನ ಹತ್ತಿರ ಸುಳಿಯಗೊಡಬೇಡಿ. ಮಳೆಗಾಲದಲ್ಲಿ ಎರೆ ಮಣ್ಣು ಮೆತ್ತಿದ ಟ್ರ್ಯಾಕ್ಟರ್ ತೊಳೆದ ದಿನ, ಪೈಪನ್ನು ಹಳೆ ಬಟ್ಟೆಯಲ್ಲಿ ಒರೆಸುತ್ತ ಸುತ್ತಿದರೆ ಅರ್ಧ ತೊಂದರೆ ತಪ್ಪುತ್ತದೆ.

ಅಂಗಡಿಯವರು ‘30 ಮೀಟರ್ ರೀಲ್’ ಎನ್ನುವಾಗ ಯಾವ ಪೈಪಿನ 30 ಮೀಟರ್ ಎಂದು ಕೇಳಿ. ಹೊರಸುತ್ತಿನ ವ್ಯಾಸ 14 ಮಿಲಿಮೀಟರ್ ಇರುವ ಪೈಪ್ 30 ಮೀಟರ್ ಹಿಡಿಯುವ ಡ್ರಮ್ಮಿನಲ್ಲಿ, 17 ಮಿಲಿಮೀಟರಿನದು ಹೆಚ್ಚು ಕಡಿಮೆ 20 ಮೀಟರಷ್ಟೇ ಕೂರುತ್ತದೆ. ಉಕ್ಕಿನ ತಂತಿಯ ಹೆಣಿಗೆ ಇರುವ ಪೈಪಿಗೆ ಇಷ್ಟಕ್ಕಿಂತ ಬಿಗಿಯಾಗಿ ಬಗ್ಗಿಸಬಾರದು ಎಂಬ ಅಳತೆಯೊಂದು ಇರುತ್ತದೆ. ಡ್ರಮ್ಮಿನ ನಡುಗಂಬ ಅದಕ್ಕಿಂತ ಸಣ್ಣದಾದರೆ ಒಳಸುತ್ತಿನಲ್ಲಿ ತಂತಿ ಮುರಿದು, ಪೈಪ್ ಅಲ್ಲಿಯೇ ಉಬ್ಬಿ ಒಡೆಯುತ್ತದೆ.

ತಾನಾಗಿ ಸುತ್ತಿಕೊಳ್ಳುವ ಸ್ಪ್ರಿಂಗ್ ರೀಲ್, 12 ವೋಲ್ಟ್ ಮೋಟಾರಿನ ರೀಲ್ ಕೂಡ ಸಿಗುತ್ತವೆ. ಹೊಸದಾಗಿ ದಂಧೆ ಶುರುಮಾಡುವವರಿಗೆ ನಾನು ಕೈಯಿಂದ ತಿರುಗಿಸುವುದನ್ನೇ ಹೇಳುತ್ತೇನೆ. ಕೆಡುವ ಭಾಗ ಕಡಿಮೆ, ರಿಪೇರಿ ಊರಲ್ಲೇ ಆಗುತ್ತದೆ. ಗಾಡಿಗೆ ಕೂರಿಸುವಾಗ ಅಡಿಗೆ ರಬ್ಬರ್ ಪ್ಯಾಡ್ ಹಾಕಿ, ಬೋಲ್ಟುಗಳಿಗೆ ನಡುಕಕ್ಕೆ ಸಡಿಲಾಗದ ನೈಲಾಕ್ ನಟ್ ಬಿಗಿಸಿ. ಪಂಪಿನಿಂದ ಸ್ವಿವೆಲ್‌ವರೆಗಿನ ತುಂಡು ಬಾಗುವ ಹೋಸ್ ಆಗಿರಲಿ. ಕಬ್ಬಿಣದ ಪೈಪ್ ಹಾಕಿದರೆ ಪಂಪಿನ ನಡುಕವೆಲ್ಲ ಸೀದಾ ಸ್ವಿವೆಲ್ಲಿಗೆ ಬಡಿಯುತ್ತದೆ. ಕೊನೆಗೊಂದು ಮಾತು ಬಿಲ್ ಮಾಡಿಸುವ ಮೊದಲು: ಆ ಸ್ವಿವೆಲ್ಲಿನ ಸೀಲ್ ಕಿಟ್ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ, ಸಿಗುವುದಾದರೆ ರೀಲಿನ ಜೊತೆಗೇ ಎರಡು ಕಿಟ್ ತೆಗೆದಿಟ್ಟುಕೊಳ್ಳಿ. ಸಿಗದಿದ್ದರೆ ಬೇರೆ ರೀಲ್ ನೋಡಿ.