‘ನನಗೇನೂ ಬರಂಗಿಲ್ರಿ, ಟೀಚರ್’

ಚರ್ಚಿನ ಸಭೆಗೆ ಪೂರ್ಣ ಸದಸ್ಯರಾಗಲು ಮಕ್ಕಳನ್ನು ಸಿದ್ಧಪಡಿಸುವ ದೃಢೀಕರಣ ತರಗತಿಯ ಮೊದಲ ಭಾನುವಾರ, ಆರಾಧನೆ ಮುಗಿದ ಮೇಲೆ, ಮಕ್ಕಳ ಕೈಗೆ ಒಂದೊಂದು ಚೀಟಿ ಕೊಡುವುದು ನನ್ನ ರೂಢಿ. ‘ನಿನಗೆ ಏನು ಬರುತ್ತದೋ ಅದನ್ನು ಬರಿ, ಕೆಳಗೆ ಹೆಸರು ಹಾಕು’ ಎನ್ನುತ್ತೇನೆ. ಕೆಲವು ವರ್ಷಗಳ ಹಿಂದಿನ ತಂಡದಲ್ಲಿ ಹನ್ನೊಂದು ಮಕ್ಕಳಿದ್ದರು. ಹತ್ತು ಚೀಟಿಗಳಲ್ಲಿ ಹಾಡು, ಡ್ರಾಯಿಂಗ್, ಕ್ರಿಕೆಟ್, ಕೀಬೋರ್ಡ್ ಎಂದೆಲ್ಲ ಇತ್ತು. ಅವುಗಳಲ್ಲಿ ಏಳರಲ್ಲಿ ‘ಸ್ವಲ್ಪ’ ಎಂಬ ಮಾತೂ ಜೊತೆಗಿತ್ತು: ‘ಸ್ವಲ್ಪ ಹಾಡ್ತೀನಿ’, ‘ಸ್ವಲ್ಪ ಕೀಬೋರ್ಡ್’. ಹನ್ನೊಂದನೆಯ ಚೀಟಿ ಖಾಲಿ. ಬರೆಯದವನು ಒಂಬತ್ತನೇ ಕ್ಲಾಸಿನ ಹುಡುಗ. ‘ನನಗೇನೂ ಬರಂಗಿಲ್ರಿ, ಟೀಚರ್’ ಎಂದು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟ.

ವಾರದ ದಿನಗಳಲ್ಲಿ ಹುಬ್ಬಳ್ಳಿಯ ಶಾಲೆಗಳಲ್ಲಿ ಆಪ್ತಸಮಾಲೋಚಕಿ, ಭಾನುವಾರ ಸಂಡೇ ಸ್ಕೂಲ್ ಟೀಚರ್. ಎರಡೂ ಕಡೆ ತಂದೆತಾಯಂದಿರು ನನ್ನ ಹತ್ತಿರ ತರುವ ದೂರು ಹೆಚ್ಚುಕಡಿಮೆ ಒಂದೇ. ‘ದೇವರು ಇವಳಿಗೆ ಎಷ್ಟು ಚಲೋ ಕಂಠ ಕೊಟ್ಟಾನ್ರಿ, ಆದ್ರ ಚರ್ಚಿನ್ಯಾಗ ಹಾಡು ಅಂದ್ರ ಹಾಡಂಗಿಲ್ಲ.’ ಮಗಳಿಗೆ ಸೊಕ್ಕು ಬಂದಿದೆ, ಮಗ ಸ್ವಾರ್ಥಿಯಾಗಿದ್ದಾನೆ, ಮೊಬೈಲು ಹಾಳು ಮಾಡಿತು ಎಂದು ಅವರು ಆಗಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. ಇಷ್ಟು ವರ್ಷ ಮಕ್ಕಳ ಎದುರು ಕುಳಿತು ನಾನು ಕಂಡದ್ದು ಬೇರೆ. ಹದಿಹರೆಯದವರಲ್ಲಿ ಜಿಪುಣತನ ಬಹಳ ಕಡಿಮೆ. ಅವರನ್ನು ಹಿಡಿದು ನಿಲ್ಲಿಸುವುದು ಹೆದರಿಕೆ.

ಬೈಬಲಿನ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಇದೇ ಇದೆ. ದೂರ ಹೊರಟ ಯಜಮಾನ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತು ಹಣ ಒಪ್ಪಿಸುತ್ತಾನೆ. ಮೊದಲಿಬ್ಬರು ಅದನ್ನು ದುಪ್ಪಟ್ಟು ಮಾಡುತ್ತಾರೆ, ಮೂರನೆಯವನು ಮಣ್ಣಲ್ಲಿ ಹೂತಿಡುತ್ತಾನೆ. ತಲಾಂತುಗಳ ಈ ಸಾಮ್ಯವನ್ನು, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯನ್ನು, ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ, ಆದರೆ ಮೂರನೆಯ ಆಳನ್ನು ಸೋಮಾರಿ ಎಂದು ಬೈದು ಮುಂದೆ ಹೋಗುತ್ತೇವೆ. ಯಜಮಾನನೂ ಅವನನ್ನು ಹಾಗೆ ಕರೆದದ್ದು ನಿಜ. ಆದರೆ ತಲಾಂತನ್ನು ಯಾಕೆ ಹೂತಿಟ್ಟೆ ಎನ್ನುವುದಕ್ಕೆ ಆ ಆಳು ತನ್ನ ಬಾಯಿಂದಲೇ ಕೊಡುವ ಕಾರಣ ಒಂದೇ: ಹೆದರಿಕೊಂಡೆ. ಯಜಮಾನ ಕಠಿಣ ಮನುಷ್ಯ, ತಪ್ಪಾದರೆ ಬಿಡುವವನಲ್ಲ ಎಂದು ಅವನು ನಂಬಿದ್ದ. ಈ ಭಾಗ ಬಂದಾಗ ನಾನು ಮಕ್ಕಳ ಮುಖ ನೋಡುತ್ತೇನೆ. ಯಾರಾದರೂ ಒಬ್ಬರು ತಲೆ ತಗ್ಗಿಸಿರುತ್ತಾರೆ.

ಆಮೇಲೆ ಬೋರ್ಡಿನ ಮೇಲೆ ಲೆಕ್ಕ ಮಾಡಿಸುತ್ತೇನೆ. ತಲಾಂತು ಎಂದರೆ ಮೂಲದಲ್ಲಿ ಒಂದು ತೂಕ, ಆ ತೂಕದ ಹಣ. ಇಂಗ್ಲಿಷಿನವರು ಪ್ರತಿಭೆಗೆ ‘ಟ್ಯಾಲೆಂಟ್’ ಎನ್ನುವ ರೂಢಿ ಬಂದದ್ದೇ ಈ ಸಾಮ್ಯದಿಂದ. ಒಂದು ತಲಾಂತಿಗೆ 6,000 ದಿನಾರಿ. ದಿನಾರಿ ಎಂದರೆ ಒಬ್ಬ ಕೂಲಿಯವನ ಒಂದು ದಿನದ ಸಂಬಳ. ಇವತ್ತು ದಿನಗೂಲಿ 500 ರೂಪಾಯಿ ಎಂದು ಹಿಡಿದರೂ 30 ಲಕ್ಷ ರೂಪಾಯಿ, ಸುಮಾರು 20 ವರ್ಷದ ದುಡಿಮೆ! ಹಾಗಾದರೆ ‘ನನಗೆ ಸಿಕ್ಕಿದ್ದು ಒಂದೇ’ ಎನ್ನುವವನ ಕೈಯಲ್ಲಿದ್ದದ್ದು ಚಿಲ್ಲರೆಯಲ್ಲ. ಇನ್ನೊಂದು ವಿಷಯವನ್ನು ಮಕ್ಕಳಿಂದಲೇ ಹುಡುಕಿಸುತ್ತೇನೆ. ಐದು ತಲಾಂತು ಗಳಿಸಿದವನಿಗೂ ಎರಡು ಗಳಿಸಿದವನಿಗೂ ಯಜಮಾನ ಹೇಳುವ ಮೆಚ್ಚುಗೆಯ ಮಾತು, 21ನೇ ವಚನದಲ್ಲೂ 23ನೇ ವಚನದಲ್ಲೂ, ಒಂದೇ. ಮೊದಲ ಬಹುಮಾನ, ಎರಡನೇ ಬಹುಮಾನ ಅಲ್ಲಿಲ್ಲ.

ಖಾಲಿ ಚೀಟಿಯ ಹುಡುಗನಿಗೆ ಹಿಂದೆ ಹಾಡು ಬರುತ್ತಿತ್ತು ಎಂದು ನನಗೆ ತಿಳಿದದ್ದು ಎರಡು ತಿಂಗಳ ನಂತರ, ಅವನ ತಾಯಿಯಿಂದ. ಹನ್ನೆರಡರ ತನಕ ಪ್ರತಿ ಕ್ರಿಸ್‌ಮಸ್ಸಿಗೂ ಅವನದೇ ಸೋಲೋ. ಹದಿಮೂರರ ಕ್ರಿಸ್‌ಮಸ್ಸಿನಲ್ಲಿ ಎರಡನೇ ಚರಣದ ಏರಿನಲ್ಲಿ ಗಂಟಲು ಕೈಕೊಟ್ಟಿತು. ಆ ವಯಸ್ಸಿನ ಗಂಡುಮಕ್ಕಳಿಗೆ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ಸ್ವರ ಒಡೆಯುತ್ತದೆ. ದೇಹದ ಸಹಜ ಕೆಲಸ. ಆದರೆ ಮುಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು, ನಗು ಹಿಂದಿನ ಬೆಂಚಿನವರೆಗೆ ಹೋಯಿತು. ನಕ್ಕವರು ಕೆಟ್ಟವರೇನಲ್ಲ, ಮನೆಗೆ ಹೋಗಿ ಕೇಕು ತಿನ್ನುವ ಹೊತ್ತಿಗೆ ಮರೆತೂ ಬಿಟ್ಟಿದ್ದಾರು. ಹುಡುಗ ಮರೆಯಲಿಲ್ಲ. ಹದಿಹರೆಯದ ಮಕ್ಕಳು ಸದಾ ಯಾರೋ ತಮ್ಮನ್ನೇ ನೋಡುತ್ತಿದ್ದಾರೆ ಎಂಬ ಭಾವನೆಯಲ್ಲಿ ಬದುಕುತ್ತಾರೆ. ಮನೋವಿಜ್ಞಾನಿ ಡೇವಿಡ್ ಎಲ್ಕೈಂಡ್ 1967ರಲ್ಲಿ ಇದನ್ನು ‘ಕಾಲ್ಪನಿಕ ಪ್ರೇಕ್ಷಕರು’ ಎಂದು ಕರೆದರು. ಈ ಹುಡುಗನಿಗೆ ಆ ಪ್ರೇಕ್ಷಕರು ಕಾಲ್ಪನಿಕವೂ ಆಗಿರಲಿಲ್ಲ, ಪ್ರತಿ ಭಾನುವಾರ ಅದೇ ಬೆಂಚುಗಳಲ್ಲಿ ಕೂರುತ್ತಿದ್ದರು.

ಇದರಲ್ಲಿ ನನ್ನ ಪಾಲೂ ಇದೆ. ಅನೇಕ ವರ್ಷ ಸಂಡೇ ಸ್ಕೂಲಿನಲ್ಲಿ ಹಾಡಿನ ಸ್ಪರ್ಧೆ, ವಚನ ಬಾಯಿಪಾಠದ ಸ್ಪರ್ಧೆ ಎಂದು ಉತ್ಸಾಹದಿಂದ ನಡೆಸಿ ಕಪ್ಪು, ಸರ್ಟಿಫಿಕೇಟು ಹಂಚಿದವಳು ನಾನು. ಗೆದ್ದ ಮೂವರು ಮುಂದಿನ ವರ್ಷ ಕಪ್ಪಿಗಾಗಿ ಬಂದರು. ಗೆಲ್ಲದವರಲ್ಲಿ ಅನೇಕರು ‘ನನಗೆ ಬರಂಗಿಲ್ಲ’ ಎಂಬ ಪಾಠ ಕಲಿತು ಹೋದರು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಸಂಶೋಧಕರು ಚಿತ್ರ ಬರೆಯುವುದೆಂದರೆ ತಾವಾಗಿಯೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳನ್ನು ಗಮನಿಸಿದರು. ‘ಬರೆದರೆ ಬಹುಮಾನ’ ಎಂದು ಮೊದಲೇ ಹೇಳಿ ಬರೆಸಿದ ಮಕ್ಕಳು ಕೆಲವು ದಿನಗಳ ನಂತರ ಬಿಡುವಿನ ಹೊತ್ತಿನಲ್ಲಿ ಪೆನ್ನು ಮುಟ್ಟುವುದೇ ಕಡಿಮೆಯಾಗಿತ್ತು. ಓದಿದಾಗ ನನಗೆ ನಮ್ಮ ಸಂಡೇ ಸ್ಕೂಲಿನ ಕಪ್ಪುಗಳೇ ಕಣ್ಣೆದುರು ಬಂದವು. ಈಗ ಸ್ಪರ್ಧೆ ನಿಲ್ಲಿಸಿದ್ದೇನೆ. ಸಭೆಯ ಕೆಲವು ಹಿರಿಯರಿಗೆ ಇದು ಸರಿಬಂದಿಲ್ಲ. ಆದರೂ ಹಿಂದೆ ಹೋಗುವ ಮನಸ್ಸು ನನಗಿಲ್ಲ.

ಸ್ಪರ್ಧೆಯ ಬದಲು ಏನು ಎಂದು ಕೇಳಿದರೆ, ನಾನು ಯೋಹಾನನ ಸುವಾರ್ತೆಯ 6ನೇ ಅಧ್ಯಾಯ ತೆರೆಯುತ್ತೇನೆ. ಐದು ರೊಟ್ಟಿ ಎರಡು ಮೀನಿನಿಂದ ಯೇಸು ಸಾವಿರಾರು ಜನಕ್ಕೆ ಉಣಿಸಿದ ಸಂಗತಿ ನಾಲ್ಕೂ ಸುವಾರ್ತೆಗಳಲ್ಲಿದೆ. ಆ ರೊಟ್ಟಿ ಒಬ್ಬ ಹುಡುಗನದು, ಅದೂ ಬಡವರು ತಿನ್ನುವ ಜವೆಗೋಧಿಯ ರೊಟ್ಟಿ ಎಂದು ಹೇಳುವವನು ಯೋಹಾನ ಒಬ್ಬನೇ. ಹುಡುಗನ ಹೆಸರಿಲ್ಲ. ಹೆಸರಿರುವುದು ಅವನನ್ನು ಗುರುತಿಸಿ ಯೇಸುವಿಗೆ ತೋರಿಸಿದ ಶಿಷ್ಯ ಅಂದ್ರೆಯನದು. ಇಷ್ಟು ಜನಕ್ಕೆ ಇದು ಎಲ್ಲಿ ಸಾಕಾದೀತು ಎಂದು ಅಂದ್ರೆಯನಿಗೂ ಅನುಮಾನವಿತ್ತು, ಬಾಯಿಬಿಟ್ಟು ಹೇಳಿಯೂ ಬಿಟ್ಟ. ಆದರೂ ‘ಇಲ್ಲೊಬ್ಬ ಹುಡುಗನಿದ್ದಾನೆ’ ಎಂದು ಹೇಳುವುದನ್ನು ಬಿಡಲಿಲ್ಲ. ಮಕ್ಕಳಿಗೆ ಧಾರಾಳವಾಗಿ ಕೊಡು ಎಂದು ಬೋಧಿಸುವುದಕ್ಕಿಂತ ಮೊದಲು ಹಿರಿಯರು ಮಾಡಬೇಕಾದ ಕೆಲಸ ಇದು: ಯಾರ ಬುತ್ತಿಯಲ್ಲಿ ಏನಿದೆ ಎಂದು ನೋಡುವುದು, ಎಲ್ಲಿ ಹಸಿವಿದೆ ಎಂದು ತೋರಿಸುವುದು.

ನಮ್ಮ ಸಭೆಯಲ್ಲಿ ಒಬ್ಬ ಅಜ್ಜಿ ಇದ್ದರು, ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಕಣ್ಣು ಮಂಜಾಗಿ ಸತ್ಯವೇದ ಓದಲಾಗುತ್ತಿರಲಿಲ್ಲ. ‘ಸ್ವಲ್ಪ ಓದ್ತೀನಿ’ ಎಂದು ಚೀಟಿಯಲ್ಲಿ ಬರೆದಿದ್ದ ಹುಡುಗಿಯೊಬ್ಬಳನ್ನು ಕರೆದು, ‘ಶನಿವಾರ ಸಂಜೆ ಇಪ್ಪತ್ತು ನಿಮಿಷ ಅಜ್ಜಿಗೆ ಓದಿ ಹೇಳ್ತೀಯಾ? ಒಂದು ತಿಂಗಳು ನೋಡೋಣ’ ಎಂದೆ. ಇಂಗ್ಲಿಷ್ ಮೀಡಿಯಂ ಹುಡುಗಿ, ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಮೊದಲ ಶನಿವಾರ ನಾನೂ ಹೋಗಿದ್ದೆ. ಅವಳು ಬೆರಳಿಟ್ಟುಕೊಂಡು 23ನೇ ಕೀರ್ತನೆ ಓದುತ್ತಿದ್ದಳು, ಕಿವಿ ಕೆಂಪಾಗಿತ್ತು. ಅಜ್ಜಿ ಕಣ್ಣು ಮುಚ್ಚಿ ಕೇಳುತ್ತಿದ್ದವರು ನಡುವೆ ಕೈ ಎತ್ತಿ, ‘ತಡಿಯವ್ವಾ. ಅಲ್ಲಿ ಮಹಾಪ್ರಾಣ ಐತಿ. ಹೊಟ್ಟಿಯಿಂದ ಉಸಿರು ಬಿಡು’ ಎಂದರು. ಹುಡುಗಿ ಮತ್ತೆ ಓದಿದಳು. ‘ಹಾಂ, ಈಗ ಬರೋಬ್ಬರಿ.’ ಒಂದು ತಿಂಗಳು ಎಂದದ್ದು ಒಂದೂವರೆ ವರ್ಷ ನಡೆಯಿತು. ಓದಿ ಹೇಳುವವಳು ಯಾರು, ಓದು ಕಲಿಸುವವರು ಯಾರು ಎಂಬುದೇ ಕೊನೆಕೊನೆಗೆ ತಿಳಿಯದಂತಾಗಿತ್ತು.

ನಾನು ಕೇಳಿದ ರೀತಿಯನ್ನು ಗಮನಿಸಿ. ‘ದೇವರ ಸೇವೆಗೆ ನಿನ್ನನ್ನು ಒಪ್ಪಿಸಿಕೊಡು’ ಎಂದರೆ ಹದಿನಾಲ್ಕರ ಮಗು ಎಲ್ಲಿಂದ ಶುರು ಮಾಡಬೇಕು? ಇಂಥವರಿಗೆ, ಇಂಥ ದಿನ, ಇಷ್ಟು ಹೊತ್ತು ಎಂದರೆ ಮಗುವಿಗೆ ಹಿಡಿತ ಸಿಗುತ್ತದೆ. ವೇದಿಕೆ ಬೇಡ, ಕೊಡುವ ಕೈಯ ಆಚೆ ಒಂದು ಮುಖ ಇದ್ದರೆ ಸಾಕು. ಹೊಗಳುವಾಗಲೂ ಎಚ್ಚರ ಬೇಕು. 1998ರಲ್ಲಿ ಮನೋವಿಜ್ಞಾನಿಗಳಾದ ಮ್ಯೂಲರ್ ಮತ್ತು ಡ್ವೆಕ್ ತೋರಿಸಿದಂತೆ, ‘ನೀನು ಜಾಣ’ ಎಂದು ಹೊಗಳಿಸಿಕೊಂಡ ಮಕ್ಕಳು ಆ ಹೆಸರು ಉಳಿಸಿಕೊಳ್ಳಲು ಮುಂದಿನ ಸಲ ಕಷ್ಟದ ಕೆಲಸದಿಂದ ಹೆಚ್ಚಾಗಿ ಹಿಂದೆ ಸರಿಯುತ್ತಾರೆ, ಪ್ರಯತ್ನಕ್ಕೆ ಮೆಚ್ಚುಗೆ ಪಡೆದವರಲ್ಲಿ ಹೆಚ್ಚಿನವರು ಹಾಗೆ ಮಾಡುವುದಿಲ್ಲ. ಆ ಹುಡುಗಿಗೆ ನಾನು ‘ಎಷ್ಟು ಚೆಂದ ಓದ್ತೀಯ’ ಎನ್ನಲಿಲ್ಲ. ‘ಶನಿವಾರ ಅಜ್ಜಿ ನಾಲ್ಕು ಗಂಟೆಯಿಂದಲೇ ಬಾಗಿಲು ತೆಗೆದಿಟ್ಟು ಕೂತಿರ್ತಾರೆ’ ಎಂದೆ.

ಒಂದು ಮಾತು, ಹೀಗೆ ಮಕ್ಕಳನ್ನು ಬೇರೆಯವರ ಮನೆಗೆ ಕಳಿಸುವಾಗ ಇಬ್ಬಿಬ್ಬರನ್ನು ಜೊತೆ ಮಾಡಿಯೇ ಕಳಿಸುತ್ತೇನೆ, ತಂದೆತಾಯಿಗೆ ತಿಳಿಸಿಯೇ ಕಳಿಸುತ್ತೇನೆ. ಸಭೆಯವರೇ ಅಲ್ಲವೇ ಎಂದು ಇದರಲ್ಲಿ ಸಡಿಲ ಬಿಡಬಾರದು.

ಕೃಪಾವರ, ಅಂದರೆ ದೇವರು ಕೊಟ್ಟ ಸಾಮರ್ಥ್ಯ, ಎಂದರೆ ಮೈಕಿನ ಮುಂದೆ ತೋರುವಂಥದ್ದು ಮಾತ್ರ ಎಂಬ ಎಣಿಕೆ ನಮ್ಮಲ್ಲಿ ಬೇರೂರಿದೆ. ವಿಮೋಚನಕಾಂಡದ 31ನೇ ಅಧ್ಯಾಯದಲ್ಲಿ ದೇವರು ತನ್ನ ಆತ್ಮದಿಂದ ತುಂಬಿಸಿದ್ದೇನೆ ಎಂದು ಹೇಳುವ ಬೆಚಲೇಲ ಒಬ್ಬ ಕುಶಲಕರ್ಮಿ, ಲೋಹ, ಕಲ್ಲು, ಮರದ ಕೆಲಸದವನು. ಯೊಪ್ಪ ಎಂಬ ಊರಿನ ಶಿಷ್ಯೆ ತಬಿಥಾ ತೀರಿಕೊಂಡಾಗ ವಿಧವೆಯರು ಅಪೊಸ್ತಲ ಪೇತ್ರನಿಗೆ ಅಳುತ್ತ ತೋರಿಸಿದ್ದು ಅವಳು ಹೊಲಿದುಕೊಟ್ಟ ಅಂಗಿಗಳನ್ನು. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನವರೂ ಬೋಧನೆಯೊಂದನ್ನೇ ನಂಬಿ ಕೂರಲಿಲ್ಲ. 1841ರಲ್ಲಿ ಮುದ್ರಣಾಲಯ, 1865ರಲ್ಲಿ ಹಂಚಿನ ಕಾರ್ಖಾನೆ, ಜೊತೆಗೆ ನೇಯ್ಗೆ. ಅಚ್ಚುಮೊಳೆ ಜೋಡಿಸುವವನ, ಮಗ್ಗದ ಮುಂದೆ ಕೂತವನ ಕೈಗುಣ ಇಲ್ಲದಿದ್ದರೆ ಕರ್ನಾಟಕದ ಎಷ್ಟೋ ಸಭೆಗಳ ಚರಿತ್ರೆಯೇ ಇಲ್ಲ. ಪಕ್ಕದ ಮನೆಯ ಹುಡುಗನಿಗೆ ಬೀಜಗಣಿತ ಹೇಳಿಕೊಡುವುದೂ ಕೃಪಾವರವೇ. ಆ ಹುಡುಗ ನಮ್ಮ ಸಭೆಗೆ ಬರಲಿ ಎಂಬ ಲೆಕ್ಕಾಚಾರ ಅದರ ಹಿಂದೆ ಇರಕೂಡದು, ಅವನಿಗೆ ಲೆಕ್ಕ ತಿಳಿಯಲಿ ಎಂದಷ್ಟೇ ಇರಬೇಕು.

ಇನ್ನು ‘ಬೇಡ’ ಎನ್ನುವ ಹಕ್ಕು. ಕೀಬೋರ್ಡ್ ಬರುತ್ತದೆ ಎಂದು ಗೊತ್ತಾದ ಹುಡುಗನನ್ನು ಮದುವೆ, ಮಣ್ಣು, ಗೃಹಪ್ರವೇಶ, ಉಪವಾಸ ಪ್ರಾರ್ಥನೆ ಎಂದು ವಾರಕ್ಕೆ ನಾಲ್ಕು ಕಡೆ ಎಳೆದೊಯ್ಯುವುದನ್ನು ಕಂಡಿದ್ದೇನೆ. ಸಭಾಪಾಲಕರ (ಪಾಸ್ಟರ್) ಮಕ್ಕಳ ಪಾಡಂತೂ ಕೇಳಲೇಬೇಡಿ, ಬರಲಿ ಬಿಡಲಿ ಎಲ್ಲದಕ್ಕೂ ಅವರೇ ಮುಂದೆ. ಇಂಥ ಇಬ್ಬರು ಮೂವರು ಹದಿನೆಂಟಕ್ಕೆ ವಾದ್ಯ ಮುಚ್ಚಿಟ್ಟವರು ಮತ್ತೆ ತೆರೆದಿಲ್ಲ. ಕೊಡುವುದು ಒತ್ತಾಯದಿಂದ ಆಗಬಾರದು ಎಂದು ಪೌಲ ಕೊರಿಂಥದವರಿಗೆ ಬರೆದದ್ದನ್ನು ನಾವು ಕಾಣಿಕೆ ಚೀಲ ಬಂದಾಗ ಮಾತ್ರ ನೆನೆಯುತ್ತೇವೆ. ಮಗು ‘ಈ ವಾರ ಆಗಲ್ಲ ಟೀಚರ್’ ಎಂದರೆ ‘ಆಯ್ತು ಕಂದಾ’ ಎಂದು ಅಲ್ಲಿಗೇ ಬಿಡಬೇಕು, ಮುಖ ಸಪ್ಪಗೆ ಮಾಡಬಾರದು. ಎಸ್‌ಎಸ್‌ಎಲ್‌ಸಿ ಬಂತು ಎಂದು ಎಲ್ಲವನ್ನೂ ಬಿಡಿಸುವ ತಂದೆತಾಯಿಗೂ ನಾನು ಹೇಳುವುದಿಷ್ಟೆ: ಕಡಿಮೆ ಮಾಡಿ, ಕಡಿಯಬೇಡಿ. ಓದಿನ ನಡುವೆ ವಾರಕ್ಕೆ ಅರ್ಧ ಗಂಟೆ ಇನ್ನೊಬ್ಬರಿಗೆ ಬೇಕಾಗಿದ್ದೇನೆ ಎನಿಸುವುದು ಆ ವರ್ಷದ ಒತ್ತಡದಲ್ಲಿ ಮಗುವಿಗೆ ದೊಡ್ಡ ಆಸರೆ.

ಖಾಲಿ ಚೀಟಿಯ ಹುಡುಗನಿಗೆ ನಾನು ಹಾಡು ಎಂದು ಹೇಳಲೇ ಇಲ್ಲ. ಚರ್ಚಿನ ಸುಗ್ಗಿ ಹಬ್ಬದಲ್ಲಿ ಕಾಣಿಕೆಗಳ ಹರಾಜು ಮುಗಿದ ಸಂಜೆ ಕಾಂಪೌಂಡಿನಲ್ಲಿ ಮೈಕಿನ ವೈರುಗಳು ಹರಡಿಕೊಂಡಿದ್ದವು. ‘ಇದನ್ನ ಸುತ್ತಿಡಾಕ ಬರ್ತೈತೇನಪಾ?’ ಎಂದೆ. ಬಂದ. ಮುಂದಿನ ಭಾನುವಾರ ಸ್ಪೀಕರಿನಿಂದ ಗುಂಯ್ ಎನ್ನುವ ಸದ್ದು ಬರುತ್ತಿದ್ದಾಗ, ನಮಗಾರಿಗೂ ಅದು ಎಲ್ಲಿಂದ ಎಂದು ತಿಳಿಯದಿದ್ದಾಗ, ಅವನೇ ಹಿಂದಿನಿಂದ ಎದ್ದು ಬಂದು ಒಂದು ಪಿನ್ನು ತೆಗೆದು ಹಾಕಿದ. ಹಾಡುಗಾರನ ಕಿವಿ ಎಲ್ಲಿಗೂ ಹೋಗಿರಲಿಲ್ಲ. ಒಂದು ವರ್ಷದಲ್ಲಿ ಸೌಂಡ್ ಮಿಕ್ಸರ್ ಪೂರ್ತಿ ಅವನ ಕೈಗೆ ಬಂತು. ಕ್ವಾಯರಿನವರು ಶ್ರುತಿ ತಪ್ಪಿದರೆ ಹಿಂದಿನಿಂದ ಮೆಲ್ಲಗೆ ಕೈಸನ್ನೆ ಮಾಡುತ್ತಾನೆ, ಅವರು ಕೇಳುತ್ತಾರೆ. ಹಾಡುತ್ತಾನೆಯೇ? ಮಿಕ್ಸರಿನ ಹಿಂದೆ ನಿಂತು, ಮೈಕಿಲ್ಲದೆ, ಕೆಳಗಿನ ಸ್ವರದಲ್ಲಿ ಹಾಡುವುದನ್ನು ನಾನು ಕೇಳಿದ್ದೇನೆ.

ಈ ವರ್ಷದ ತರಗತಿಯಲ್ಲೂ ಒಂದು ಚೀಟಿ ಖಾಲಿ ಬಂತು. ಚೀಟಿ ಕೊಟ್ಟ ಹುಡುಗ ಮೂಲೆಯಲ್ಲಿ ನಿಂತಿದ್ದ. ನಾನು ಏನು ಹೇಳಲಿ ಎಂದು ಯೋಚಿಸುತ್ತಿರುವಾಗಲೇ ಮಿಕ್ಸರ್ ಮುಚ್ಚುತ್ತಿದ್ದವನು ಅವನನ್ನು ಕರೆದ. ಇಬ್ಬರೂ ನೆಲದ ಮೇಲೆ ಕೂತರು. ಚಿಕ್ಕವನು ವೈರನ್ನು ಅಂಗೈಯಿಂದ ಮೊಳಕೈಗೆ ಬಿಗಿಯಾಗಿ ಸುತ್ತತೊಡಗಿದ.

‘ಹಂಗ ಮೊಳಕೈಗೆ ಸುತ್ತಬ್ಯಾಡೋ, ಒಳಗಿನ ತಂತಿ ಹರೀತೈತಿ. ಕೊಡಿಲ್ಲೆ. ಒಂದು ಸುತ್ತು ಹಿಂಗ, ಇನ್ನೊಂದು ಸುತ್ತು ಉಲ್ಟಾ. ಹಾಂ, ಈಗ ನೀ ಮಾಡು.’